ಹೆರಿಗೆಗೆ ಮೊದಲು ಬಿಲ್ಲಿಲ್ಲ

ಜೂನ್ 9, ಸೋಮವಾರ

ಬೆಳಿಗ್ಗೆಯಿಂದ ಸಾಸಿವೆ ಜರಡಿ. ಎರಡು ಕಿಲೋದಲ್ಲಿ ಹದಿನೇಳು ಕಲ್ಲು. ಹಸುಗೂಸಿನ ತಲೆಯಡಿ ಒಂದು ಕಲ್ಲು ಹೋದರೂ ಅಂಗಡಿಯ ಮಾನ ಹೋದಂತೆ. ಲಿಂಗಕ್ಕ ಮಿಷನ್ ಮೇಲೆ. ಆಕೆ ಹೊಲಿಯುವಾಗ ಮಾತಾಡುವುದಿಲ್ಲ, ಮಾತಾಡುವಾಗ ಹೊಲಿಯುವುದಿಲ್ಲ. ಆದ್ದರಿಂದ ದಿನಕ್ಕೆ ನಾಲ್ಕೇ ದಿಂಬು.

ತಮ್ಮ ಸಿದ್ದಲಿಂಗೇಶ್ ಒಳಗೆ ಬಂದ. ಮುಂದಿನ ಅಂಗಡಿ ಅವನದು — ಹತ್ತಿ ಗಾದಿ, ತಲೆದಿಂಬು, ಕುಶನ್. ಹಿಂದಿನ ಕೋಣೆ ನನ್ನದು — ಬಾಣಂತಿ ಹಾಸಿಗೆ, ಕೂಸಿನ ಗಾದಿ, ಕೂಸಿನ ತಲೆ ದುಂಡಗೆ ಕೂರಲು ಸಾಸಿವೆ ದಿಂಬು. ಅಪ್ಪ ಹಂಚಿಕೊಟ್ಟದ್ದು ಹೀಗೆ. ಗಂಡಿಗೆ ಬೀದಿ, ಹೆಣ್ಣಿಗೆ ಹಿತ್ತಲು. ಈಗ ಫೋಮ್ ಗಾದಿ ಬಂದು ಬೀದಿ ಖಾಲಿ, ಹಿತ್ತಲಲ್ಲಿ ನಿಲ್ಲಲು ಜಾಗವಿಲ್ಲ.

"ಅಕ್ಕ, ಒಂದು ವೆಬ್‌ಸೈಟ್ ಮಾಡಸ್ಬೇಕು."

"ಗಾದಿಗೇನು?"

"ಗಾದಿ ಸುದ್ದಿ ಬಿಡು. ನಿನ್ನ ದಿಂಬಿಗೆ. ಬಳ್ಳಾರಿ, ರಾಯಚೂರು, ಹೈದರಾಬಾದ್, ಎಲ್ಲಾ ಕಡಿಂದ ಫೋನ್ ಬರಾಕತ್ಯಾವ. ಒಬ್ಬೊಬ್ಬರಿಗೆ ಎಷ್ಟಂತ ಫೋಟೋ ಕಳಿಸ್ತಿ."

ಮಾತು ಸರಿ. ಒಪ್ಪಿದೆ. ಆದರೆ ಸೈಟ್ ಇಡಲು ಜಾಗ ಬೇಕಂತೆ. ಹೋಸ್ಟಿಂಗ್ ಅನ್ನುತ್ತಾರೆ. ಯಾರದೋ ಕಂಪ್ಯೂಟರಿನಲ್ಲಿ ಬಾಡಿಗೆ ಕೋಣೆ. ಬಾಡಿಗೆ ಕೋಣೆ ನೋಡುವುದು ನನಗೆ ಗೊತ್ತು: ನಲ್ಲಿ, ಬೀಗ, ಮಾಲೀಕ. ಇದೇ ಕ್ರಮದಲ್ಲಲ್ಲ. ಮೊದಲು ಮಾಲೀಕ.

ಜೂನ್ 10, ಮಂಗಳವಾರ

ದೇವನಕೊಂಡದಿಂದ ಗಾದಿಲಿಂಗಮ್ಮ ಬಂದಿದ್ದಳು. ಮೊದಲನೇ ಬಸ್ಸಿಗೆ ಹೊರಟವಳು. ಕುರಿ ಮಾರಿದ ಗತ್ತು, ಹಣೆ ತುಂಬ ಭಂಡಾರ. ಬಟ್ಟೆಗಳನ್ನು ಒಂದೊಂದೇ ಬೆರಳಲ್ಲಿ ತಿಕ್ಕಿ ನೋಡಿದಳು. ಗಿಳಿ ಚಿತ್ರದ ಹಳದಿ ಮಲ್ಲು ಬಟ್ಟೆಯಲ್ಲಿ ಕೈ ನಿಂತಿತು.

"ನೋಡಿ ಇಟ್ಟು ಹೋಗ್ತೀನಿ," ಅಂದಳು.

ಅಷ್ಟೇ. ನಾನು ಆ ಬಟ್ಟೆಯ ಥಾನಿನ ಅಂಚಿಗೆ ಒಂದು ಪಿನ್ನು ಚುಚ್ಚಿದೆ. ಹೆಸರು ಕೇಳಲಿಲ್ಲ, ತಿಂಗಳು ಕೇಳಲಿಲ್ಲ. ಅಜ್ಜಿಯ ಕಾಲದಿಂದ ಈ ಕೋಣೆಯ ಕಟ್ಟುನಿಟ್ಟು: ಕೂಸು ಹುಟ್ಟುವವರೆಗೆ ಕೊಳ್ಳುವಂತಿಲ್ಲ, ಕತ್ತರಿಸುವಂತಿಲ್ಲ, ಬರೆಯುವಂತಿಲ್ಲ. ಹುಟ್ಟಿದ ದಿನ ಅವರೇ ಸುದ್ದಿ ಕಳಿಸುತ್ತಾರೆ. ಅಲ್ಲಿಂದ ನಮಗೆ ನಿದ್ದೆ ಇಲ್ಲ — ಹನ್ನೊಂದನೇ ದಿನಕ್ಕೆ ಹಾಸಿಗೆ ಮುಟ್ಟಬೇಕು. ಯಾವ ಪಿನ್ನು ಯಾರದು ಎಂಬುದು ನನ್ನ ತಲೆಯಲ್ಲಿ, ಲಿಂಗಕ್ಕನ ತಲೆಯಲ್ಲಿ. ಕೆಲವು ಪಿನ್ನಿಗೆ ಸುದ್ದಿಯೇ ಬರುವುದಿಲ್ಲ. ಆರು ತಿಂಗಳು ನೋಡಿ ಸುಮ್ಮನೆ ತೆಗೆಯುತ್ತೇವೆ. ಯಾಕೆ ಎಂದು ಕೇಳುವುದಿಲ್ಲ.

ಗಾದಿಲಿಂಗಮ್ಮ ಕೇಳದಿದ್ದರೂ ಹೇಳಿದಳು. ಸೊಸೆ ನಾಗಜ್ಯೋತಿಗೆ ಆರನೇ ತಿಂಗಳು. ಹಿಂದೆ ಎರಡು ನಿಂತಿಲ್ಲ. ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಅಂದಿದ್ದಾರೆ, ಪತ್ತಿಕೊಂಡದ ತವರಿನಲ್ಲಿ ಮಲಗಿದ್ದಾಳೆ. ಹೇಳಿ, ಬಾಗಿಲ ಕಡೆ ನೋಡಿ, "ನಾ ಏನೂ ಹೇಳಿಲ್ಲವ್ವ" ಅಂದಳು.

"ನಾನೂ ಏನೂ ಕೇಳಿಲ್ಲ" ಅಂದೆ.

ಜೂನ್ 12, ಗುರುವಾರ

ಯಂಕಣ್ಣ ಬಂದಿದ್ದ. ಹೈದರಾಬಾದಿನ ಯಾವುದೋ ಕಂಪನಿಯ ಏಜೆಂಟು, ತಮ್ಮನ ದೋಸ್ತು.

ಯಂಕಣ್ಣ ಬಂದ ಬ್ಯಾಗು ಹೊತ್ತು,
ಮಾತಾಡಿದ ಮೂರು ಹೊತ್ತು.

"ಅಕ್ಕೋರೆ, ಹೋಸ್ಟಿಂಗು, ಹೆಸರು, ಡಿಸೈನು, ಕಾರ್ಟು, ಮೆಸೇಜು — ಅನ್ನೀ ಒಕೇ ಚೋಟ, ಎಲ್ಲಾ ಒಂದೇ ಕಡೆ. ಮೊದಲನೇ ವರ್ಷ ಫ್ರೀ."

"ಎರಡನೇ ವರ್ಷ?"

"ಅದು ಆಮ್ಯಾಲ ನೋಡೋಣ್ರಿ."

"ಕನ್ನಡದಾಗ ಇರ್ತೈತೇನು?"

"ಇಂಗ್ಲಿಷು, ತೆಲುಗು, ಹಿಂದಿ. ಕನ್ನಡ ಆಪ್ಷನ್ ಇಲ್ರಿ."

ನಲವತ್ತೈದು ವರ್ಷ ತೆಲುಗು ನಾಡಿನ ಈ ಗಡಿ ಜಿಲ್ಲೆಯಲ್ಲಿ ಇದನ್ನೇ ಕೇಳಿದ್ದೇನೆ. ಕನ್ನಡದಲ್ಲಿ ಬಿ.ಎ. ಪರೀಕ್ಷೆ ಬರೆಯಲು ಗಡಿ ದಾಟಿ ಬಳ್ಳಾರಿಗೆ ಹೋಗಿದ್ದೆ. ವೆಬ್‌ಸೈಟಿಗೂ ಗಡಿ ದಾಟಬೇಕಾದರೆ ದಾಟುತ್ತೇನೆ.

ಷರತ್ತಿನ ಕಾಗದ ಕೊಡು ಅಂದೆ. ಯಾರೂ ಓದಲ್ರಿ ಅಂದ. ಅದಕ್ಕೇ ಓದಬೇಕು ಅಂದೆ.

ಜೂನ್ 14, ಶನಿವಾರ. ಮಧ್ಯಾಹ್ನ

ಮೂಲೆಯ ಮೀಸೇವಾ ಸೆಂಟರಿನಲ್ಲಿ ಮಹೇಶ್ವರಿ ಜೊತೆ ಕೂತು ಓದಿದೆ. ಆಕೆ ಡಿಪ್ಲೊಮಾ, ಕಂಪ್ಯೂಟರು ಬಲ್ಲವಳು, ಜನನ ಮರಣ ಸರ್ಟಿಫಿಕೇಟು ಕೊಟ್ಟೂ ಕೊಟ್ಟೂ ಯಾವುದಕ್ಕೂ ಬೆಚ್ಚದವಳು. ಹದಿನಾಲ್ಕು ಪುಟ. ಸಾರಾಂಶ: ಸೈಟನ್ನು ಬೇರೆಲ್ಲಿಗೂ ಒಯ್ಯುವಂತಿಲ್ಲ. ಸೈಟಿನ ಹೆಸರು ಕಂಪನಿಯದು. ಬಂದವರ ಪಟ್ಟಿಯೂ ಕಂಪನಿಯದು.

ಹತ್ತಿ ನಮ್ಮದು, ಹೊಲಿಗೆ ನಮ್ಮದು, ಊರು ನಮ್ಮದು,
ಊರ ಹೆಸರಿಟ್ಟ ಬಾಗಿಲು ಮಾತ್ರ ಅವರದು.

ಬೇಡ ಎಂದು ಹೇಳಲು ಬಂದರೆ ತಮ್ಮ ತಲೆ ಕೆರೆದುಕೊಂಡ.

"ಓಟಿಪಿ ಬಂದಿತ್ತಕ್ಕ. ಯಂಕಣ್ಣ ಕೇಳಿದ. ಹೇಳಿಬಿಟ್ಟೆ. ಒಪ್ಪಂದ ಆಗೇಹೋತಂತ."

"ನಾಳೆ ಯಾರಾದ್ರೂ ಜನಿವಾರ… ಅಲ್ಲ, ಶಿವದಾರ ಬಿಚ್ಚಿಕೊಡು ಅಂದ್ರೆ?"

"ಅದಕ್ಕ ಓಟಿಪಿ ಬರಲ್ಲ."

ಮನೆಯಲ್ಲಿ ಇವರಿಗೆ ಹೇಳಿದೆ. ಇವರು ಗಣಿತದ ಮೇಷ್ಟ್ರು. "ಒಂದು ವರ್ಷ ನೋಡು, ಆಮೇಲೆ ಬಿಡು" ಅಂದರು. ಗಣಿತದವರಿಗೆ ಎಲ್ಲವೂ ಕೂಡಿ ಕಳೆಯುವಂಥದ್ದೇ.

ಜೂನ್ 24, ಮಂಗಳವಾರ

ಸೈಟ್ ಬಂತು. ಗುಲಾಬಿ ಬಣ್ಣ. ಯಾವುದೋ ದೇಶದ ಬಿಳಿ ಕೂಸು ನಮ್ಮ ದಿಂಬಿಲ್ಲದೆ ನಗುತ್ತಿದೆ. ಅದರ ಕೆಳಗೆ ನಮ್ಮ ಬಟ್ಟೆಗಳ ಫೋಟೋ. ಆರಿಸಿ ಕಾರ್ಟಿನಲ್ಲಿ ಹಾಕಬೇಕು, ಹೆಸರು ನಂಬರು ಕೊಡಬೇಕು, ದುಡ್ಡು ಕಟ್ಟಬೇಕು. ಲಿಂಗಕ್ಕ ಚಾಳೀಸು ಏರಿಸಿ ನೋಡಿ, "ಈ ಕೂಸಿನ ತಲಿ ಒಂದ್ಕಡಿ ಚಪ್ಪಟಿ ಐತಿ" ಅಂದಳು. ಅಂದದ್ದು ನಿಜ.

ಜುಲೈ 2, ಬುಧವಾರ

ಎಂಟು ದಿನದಲ್ಲಿ ಕಾರ್ಟ್ ತುಂಬಿದವರು ನಲವತ್ತೊಂದು ಜನ. ಕೊಂಡವರು ಮೂವರು.

ತಮ್ಮನಿಗೆ ಕಳವಳ. ನನಗಲ್ಲ. ನಮ್ಮ ಹೆಂಗಸರು ಮಾಡುವುದನ್ನೇ ಮಾಡಿದ್ದಾರೆ — ನೋಡಿ ಇಟ್ಟು ಹೋಗಿದ್ದಾರೆ. ಕಾರ್ಟ್ ಎಂದರೆ ಪಿನ್ನು ಅಂದುಕೊಂಡಿದ್ದಾರೆ. ಕೊಂಡ ಮೂವರಿಗೆ ಆಗಲೇ ಹೆರಿಗೆಯಾಗಿದೆ, ವಿಚಾರಿಸಿದೆ.

ಪಟ್ಟಿಯಲ್ಲಿ ಒಂದು ಹೆಸರು ಕಣ್ಣಿಗೆ ಬಿತ್ತು. ಪತ್ತಿಕೊಂಡ, ನಾಗಜ್ಯೋತಿ. ಅದೇ ಗಿಳಿಯ ಹಳದಿ ಬಟ್ಟೆ. ಅತ್ತೆ ಆರಿಸಿದ್ದು ಇವಳಿಗೆ ಗೊತ್ತಿರಲಿಕ್ಕಿಲ್ಲ. ಮಂಚದ ಮೇಲೆ ಮಲಗಿ ಫೋನಿನಲ್ಲಿ ಆರಿಸಿದ್ದಾಳೆ. ಅಷ್ಟರಮಟ್ಟಿಗೆ ಸೈಟು ಒಳ್ಳೆಯದೇ ಮಾಡಿತು ಅನ್ನಿಸಿತು. ಹೆಸರು ಬರೆದದ್ದು ಮಾತ್ರ ಕಣ್ಣಿಗೆ ಚುಚ್ಚಿತು. ಕಿಟಕಿ ಮುಚ್ಚಿದೆ. ಕಂಪ್ಯೂಟರಿನದು.

ಜುಲೈ 4, ಶುಕ್ರವಾರ

ಯಂಕಣ್ಣ. "ಮೂವತ್ತೆಂಟು ಜನ ಬಿಟ್ಟು ಹೋಗ್ಯಾರ್ರಿ ಅಕ್ಕೋರೆ. ಚಿಂತಿ ಬ್ಯಾಡ. ಅವರನ್ನ ಎಳಕೊಂಡ್ ಬರೋ ಮೆಸೇಜು ನಮ್ಮ ಪ್ಲಾನ್‌ನಾಗ ಐತಿ. ತಾನಾಗೇ ಹೋಗ್ತೈತಿ."

ಬಿಟ್ಟು ಹೋಗಿಲ್ಲ, ಇಟ್ಟು ಹೋಗಿದ್ದಾರೆ ಎಂದು ವಿವರಿಸಿದೆ. ಹುಟ್ಟುವವರೆಗೆ ನಾವು ಅವರನ್ನು ಕರೆಯುವುದಿಲ್ಲ, ಅದು ನಮ್ಮ ಪದ್ಧತಿ, ಮೆಸೇಜು ಬೇಡ ಎಂದೆ. ತಲೆ ಆಡಿಸಿದ. ಚಹಾ ಕುಡಿದ. ಹೋದ.

ತಲೆ ಆಡಿಸಿದ್ದು ಚಹಾಕ್ಕೆ ಎಂದು ಆಗ ತಿಳಿಯಲಿಲ್ಲ.

ಜುಲೈ 8, ಮಂಗಳವಾರ

ಹನ್ನೊಂದು ಗಂಟೆಗೆ ಗಾದಿಲಿಂಗಮ್ಮ. ಚಪ್ಪಲಿ ಬಿಡಲಿಲ್ಲ, ಕೂಡಲಿಲ್ಲ. ಸೊಸೆಯ ಫೋನನ್ನು ನನ್ನ ಮುಂದೆ ಹಿಡಿದಳು.

"ಓದು."

ಮೂರು ಮೆಸೇಜು, ಮೂರು ದಿನ. ತೆಲುಗಿನಲ್ಲಿ. 'ಮೀ ಬುಜ್ಜಿ ಪಾಪ ಎದುರು ಚೂಸ್ತೋಂದಿ.' ನಿಮ್ಮ ಪುಟ್ಟ ಪಾಪು ಕಾಯುತ್ತಿದೆ. ಎರಡನೆಯದು: ಪಾಪುವಿನ ದಿಂಬನ್ನು ಮರೆತಿರಾ? ಮೂರನೆಯದು: ತಡ ಮಾಡಬೇಡಿ, ಕೈ ತಪ್ಪಿ ಹೋದೀತು. ಕೆಳಗೆ ನಮ್ಮ ಅಂಗಡಿಯ ಹೆಸರು.

ಓದಿ ಮುಗಿಸಿದೆ.

"ಅವ್ವಾ, ಇದು ನಾ ಬರೆದಿದ್ದಲ್ಲ. ಮಿಷನ್ನು…"

"ಹೆಸರು ಯಾರದೈತಿ ಕೆಳಗ?"

"ನಮ್ದು."

"ಮತ್ತ? ಆಕಿ ಓದೀ ಓದೀ ಅಳ್ತಾಳ. ಕೈ ತಪ್ಪಿ ಹೋದೀತು ಅಂತ ಬರೀತಾರೇನು, ಎರಡು ಕಳಕೊಂಡಾಕಿಗೆ? ನಿನ್ನೆ ಬಿ.ಪಿ. ಏರಿ ದವಾಖಾನಿಗೆ ಹಾಕಿದ್ವಿ."

"ಶಕುನ ಅಂತ ಮನಸಿಗೆ ಹಚ್ಚಿಕೋಬ್ಯಾಡ್ರಿ—" ತಮ್ಮ ಮುಂದಿನ ಅಂಗಡಿಯಿಂದ ಬಾಯಿ ಹಾಕಿದ.

"ಶಕುನ ಗಿಕುನ ನಾ ಅನವಲ್ಲೆ ತಮ್ಮ. ನಾ ಬಿ.ಪಿ. ಮಾತಾಡಾಕತ್ತೀನಿ."

ಅವನು ಒಳಗೆ ಚಾಚಿದ ತಲೆ ಹೊರಗೆ ಎಳೆದುಕೊಂಡ.

ಆಮೇಲೆ ಆಕೆ ಥಾನಿನ ಬಳಿ ಹೋಗಿ ತನ್ನ ಕೈಯಾರೆ ಪಿನ್ನು ಕಿತ್ತಳು. ಮೇಜಿನ ಮೇಲಿಟ್ಟಳು. "ನಿಮ್ಮಜ್ಜಿ ನನ್ನ ಹೆರಿಗಿಗೆ ದಿಂಬು ಹೊಲಿದಿದ್ಲು. ಬಾಯಿ ಬಿಟ್ಟು ಒಂದು ಮಾತು ಕೇಳಿದ್ದಿಲ್ಲ ಆಕಿ." ಹೋದಳು.

ಇಂದು ಪ್ರಾಸ ಇಲ್ಲ.

ಜುಲೈ 8. ಸಂಜೆ

ಕಂಪನಿಗೆ ಫೋನ್. ಹಾಡು, ಹಾಡು, ಹಾಡು. ನಂತರ ಒಬ್ಬ ಹುಡುಗಿ, ಹಿಂದಿ ಬೆರೆತ ತೆಲುಗಿನಲ್ಲಿ: ಈ ಪ್ಲಾನಿನಲ್ಲಿ ಮೆಸೇಜು ನಿಲ್ಲಿಸಲು ಬರುವುದಿಲ್ಲ ಮೇಡಂ. ಇದರ ಮೇಲಿನ ಪ್ಲಾನಿಗೆ ಹೋದರೆ ನಿಲ್ಲಿಸಬಹುದು.

ಮಾತಾಡಲು ಫ್ರೀ,
ಸುಮ್ಮನಿರಲು ಫೀ.

ಪ್ರಾಸ ತಾನಾಗೇ ಬಂತು. ನಗು ಬರಲಿಲ್ಲ. ಮುಂದಿನ ಮೆಸೇಜು ಯಾವಾಗ ಹೋಗುತ್ತದೆ ಎಂದು ಕೇಳಿದೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ಮೂವತ್ತೆಂಟು ಜನರಿಗೂ.

ಜುಲೈ 9, ಬುಧವಾರ

ತಮ್ಮನೊಡನೆ ಜಗಳ. ಗಾದಿ ಕೊಳ್ಳಲು ಬಂದ ಇಬ್ಬರು ಗಾದಿ ಬಿಟ್ಟು ಜಗಳ ನೋಡಿದರು.

"ಆ ಹೆಸರಿನ ಪಟ್ಟಿ ಎಲ್ಲಾ ಅಳಸ್ತೀನಿ."

"ಮೂವತ್ತೆಂಟು ಗಿರಾಕಿ ಅಕ್ಕ. ಅಳಸಿ ಒಗೀತಿಯೇನು?"

"ಅವರಿನ್ನೂ ಗಿರಾಕಿಗಳಲ್ಲ. ಬಸುರಿಯರು."

"ಗಾದಿಲಿಂಗಮ್ಮ ಒಬ್ಬಾಕಿ ಬಂದಾಳ. ಉಳಿದವರು ಯಾರೂ ಬಂದಿಲ್ಲಲ್ಲ. ಒಬ್ಬರಿಗೋಸ್ಕರ…"

"ಬಂದು ಬೈಯೋಷ್ಟು ತ್ರಾಣ ಇದ್ದಾಕಿ ಒಬ್ಬಾಕಿ. ಉಳಿದವರು ಮಂಚದ ಮ್ಯಾಲ ಅದಾರ."

"ಸೈಟ್ ಬಂದ್ ಆದ್ರ ಹಿಂದಿನಂಗ ಫೋಟೋ ಕಳಿಸ್ಕೋಂತ ಕೂಡ್ತಿಯೇನು? ಸೀಜನ್ ಐತಿ."

"ಕೂಡ್ತೀನಿ. ಕೋಣಿ ನಂದು, ಸಾಸಿವಿ ನಂದು, ಹೆಸರೂ ನಂದು. ನಿನ್ನ ದೋಸ್ತಿ ನಿಂದು."

ಅವನು ಶಟರ್ ಅರ್ಧ ಇಳಿಸಿ ಊಟಕ್ಕೆ ಹೋದ. ಅರ್ಧ ಶಟರ್ ಎಂದರೆ ಅರ್ಧ ಸಿಟ್ಟು. ಪೂರ್ತಿ ಇಳಿಸುವಷ್ಟು ಸಿಟ್ಟಿಗೆ ಅವನ ಬಳಿ ಕಾರಣವಿರಲಿಲ್ಲ.

ಜುಲೈ 10, ಗುರುವಾರ

ಮಹೇಶ್ವರಿಯ ಸೆಂಟರು. ಒಂದೊಂದೇ ಅಳಿಸಬೇಕು, ಒಟ್ಟಿಗೆ ಅಳಿಸಲು ಬರುವುದಿಲ್ಲ. ಹೆಸರಿನ ಸಾಲು ಓದಬಾರದೆಂದು ಪರದೆಯ ಆ ಭಾಗಕ್ಕೆ ಪಟ್ಟಿ ಬಟ್ಟೆ ಅಂಟಿಸಿದೆ. ಮಹೇಶ್ವರಿ ನಕ್ಕಳು. ಆಮೇಲೆ ನಗಲಿಲ್ಲ, ತಾನೇ ಟೇಪು ಒತ್ತಿದಳು.

ಪ್ರತಿ ಸಲವೂ ಅದು ಕೇಳುತ್ತದೆ — ಖಚಿತವೇ? ಮೂವತ್ತೆಂಟು ಸಲ ಕೇಳಿತು. ನನ್ನ ಮದುವೆಯಲ್ಲಿ ಒಂದು ಸಲವೂ ಯಾರೂ ಕೇಳಿರಲಿಲ್ಲ.

ಮೂರೂವರೆಗೆ ಪಟ್ಟಿ ಖಾಲಿ. ಶುಕ್ರವಾರ ಹತ್ತು ಗಂಟೆ ಬರಲಿ.

"ಈ ಕಡೆ ಅಳಿಸಿದ್ದು ಆ ಕಡೆನೂ ಅಳಿಸ್ತೈತೇನು?" ಕೇಳಿದೆ.

"ಮೆಸೇಜು ಹೋಗಲ್ಲ. ಅವರ ಹತ್ರ ನಕಲು ಉಳದಿದ್ರೆ ನನಗ ಗೊತ್ತಿಲ್ಲಕ್ಕ. ಸುಳ್ಳು ಹೇಳಲ್ಲ."

ಆ ಹುಡುಗಿಗೆ ಒಂದು ಗಾದಿ ಹೊಲಿದುಕೊಡಬೇಕು. ದೊಡ್ಡವರದು.

ಜುಲೈ 11, ಶುಕ್ರವಾರ

ಹತ್ತಾಯಿತು. ಹನ್ನೊಂದಾಯಿತು. ಏನೂ ಹೋಗಲಿಲ್ಲ.

ಹನ್ನೆರಡಕ್ಕೆ ಯಂಕಣ್ಣ ಹೋದ. ಅಂದರೆ ಬಂದ, ಬೈಸಿಕೊಂಡ, ಹೋದ.

"ಡೇಟಾ ಅಳಸಿದ್ದು ತಪ್ಪಾತ್ರಿ ಅಕ್ಕೋರೆ. ಕಂಪನಿ ಸೈಟ್ ನಿಲ್ಲಸ್ತೈತಿ."

"ನಿಲ್ಲಿಸಲಿ. ನಾನೂ ಅದನ್ನೇ ಹೇಳ್ಬೇಕಂತಿದ್ದೆ."

"ಹೆಸರು ನಮ್ಮಲ್ಲೇ ಉಳೀತೈತಿ. ಬೇರೆ ಕಡೆ ಆ ಹೆಸರು ಸಿಗಲ್ಲ."

"ಇಟ್ಕೋ. ಆ ಹೆಸರಿಗೆ ಬಂದವರಿಗೆ ದಿಂಬು ನೀನೇ ಹೊಲಿ. ಕಲ್ಲು ಆರಿಸೋದು ಮರೀಬ್ಯಾಡ."

ಚಹಾ ಕೊಡಲಿಲ್ಲ. ಈ ಮನೆತನದಲ್ಲಿ ಇದು ಮೊದಲು.

ಜುಲೈ 15, ಮಂಗಳವಾರ

ಮಹೇಶ್ವರಿ ಮೂರು ಹೋಸ್ಟಿಂಗ್ ಕಂಪನಿ ಬರೆದುಕೊಟ್ಟಳು. ಯಾವುದಕ್ಕೆ ಎಷ್ಟು ಜಾಗ, ಎಷ್ಟು ವೇಗ, ಯಾವುದು ವರ್ಷದಲ್ಲಿ ಎಷ್ಟು ತಾಸು ಮುಗ್ಗರಿಸುತ್ತದೆ, ಎಲ್ಲಾ ಗೆರೆ ಹಾಕಿ. ಚೆನ್ನಾಗಿದೆ. ಆದರೆ ನನ್ನದು ಒಂದೇ ಪ್ರಶ್ನೆ. ಮೂರಕ್ಕೂ ಫೋನ್ ಮಾಡಿ ಅದನ್ನೇ ಕೇಳಿದೆ: ನಾನು ಬಿಟ್ಟು ಹೋಗುವ ದಿನ ಏನೇನು ತೆಗೆದುಕೊಂಡು ಹೋಗಬಹುದು?

ಮೊದಲನೆಯದರಲ್ಲಿ ಮನುಷ್ಯರಿಲ್ಲ. ಮಿಷನ್ನು 'ನಮ್ಮನ್ನು ಆರಿಸಿದ್ದಕ್ಕೆ ಧನ್ಯವಾದ' ಅಂದಿತು. ಆರಿಸಿರಲಿಲ್ಲ.

ಎರಡನೆಯವನು, "ಬರುವ ಮೊದಲೇ ಹೋಗುವ ಮಾತ್ಯಾಕೆ ಮೇಡಂ" ಅಂದ. ಅಲ್ಲೇ ಬಿಟ್ಟೆ.

ಮೂರನೆಯದು ಹುಬ್ಬಳ್ಳಿ ಕಡೆಯ ಸಣ್ಣ ಕಂಪನಿ. ಒಬ್ಬಾಕೆ ಎತ್ತಿದಳು, ಹಿಂದೆ ಕುಕ್ಕರ್ ಸೀಟಿ. "ಎಲ್ಲಾ ತಗೊಂಡ್ ಹೋಗ್ರಿ. ಹೆಸರು ನಿಮ್ಮ ಆಧಾರ್ ಕಾರ್ಡಿನ ಮ್ಯಾಲೇ ಮಾಡಸ್ತೀವಿ. ಸೈಟ್ ಗಂಟು ಕಟ್ಟಿ ಕೊಡ್ತೀವಿ. ಒಂದು ಮಾತು ಮೊದಲೇ ಹೇಳ್ತೀನ್ರಿ, ನಮ್ಮದು ದೊಡ್ಡ ಕಂಪನಿಯವರಿಗಿಂತ ವೇಗ ಸ್ವಲ್ಪ ಕಮ್ಮಿ."

"ಒಂಬತ್ತು ತಿಂಗಳು ಕಾಯೋ ಮಂದಿ ನಮ್ಮವರು. ಒಂಬತ್ತು ಸೆಕೆಂಡು ಕಾಯ್ತಾರ."

ಆಯ್ಕೆ ಮುಗಿಯಿತು. ಮಹೇಶ್ವರಿಯ ಗೆರೆಗಳು ವ್ಯರ್ಥ. ಆಕೆ ಮುಖ ಸಣ್ಣ ಮಾಡಲಿಲ್ಲ. "ಹಿಂಗೂ ಆರಿಸಬಹುದು" ಎಂದು ಬರೆದುಕೊಂಡಳು.

ಜುಲೈ 21, ಸೋಮವಾರ

ಹೊಸ ಸೈಟು. ಗುಲಾಬಿ ಇಲ್ಲ, ಬಿಳಿ ಕೂಸಿಲ್ಲ, ಕಾರ್ಟಿಲ್ಲ. ಬಟ್ಟೆಯ ಫೋಟೋ, ಲಿಂಗಕ್ಕನ ಕೈಯ ಫೋಟೋ (ಮುಖ ಬೇಡ ಅಂದಳು), ಅಂಗಡಿಯ ಫೋನ್ ನಂಬರು. ಮೇಲೆ ಕನ್ನಡ, ಕೆಳಗೆ ತೆಲುಗು. ಬರೆದದ್ದು ನಾನೇ:

'ನೋಡಿ, ಮನಸಿನಲ್ಲಿಟ್ಟು ಹೋಗಿ. ಹೆಸರು ಬೇಡ, ನಂಬರು ಬೇಡ, ದಿನಾಂಕ ಬೇಡ. ಹೆರಿಗೆಗೆ ಮೊದಲು ಬಿಲ್ಲಿಲ್ಲ. ಕೂಸು ಹುಟ್ಟಿದ ಮೇಲೆ ನೀವೇ ಫೋನ್ ಮಾಡಿ. ಹುಟ್ಟಿದ ಮೇಲೆ ಹೊಲಿಯುತ್ತೇವೆ. ನಾವಾಗಿ ಯಾರಿಗೂ ಫೋನ್ ಮಾಡುವುದಿಲ್ಲ.'

ತಮ್ಮ ಓದಿದ. "ಗಿರಾಕಿ ಬರಬ್ಯಾಡ್ರಿ ಅಂತ ಬೋರ್ಡ್ ಹಾಕಿದಂಗ ಐತಿ."

"ಬೋರ್ಡ್ ನೋಡೀಯಲ್ಲ. ನಡಿ."

ಜುಲೈ 31, ಗುರುವಾರ

ಹತ್ತು ದಿನ. ಹೊಸ ಸೈಟ್ ನೋಡಿ ಬಂದ ಫೋನ್: ಎರಡು. ಒಂದು ಲೋನ್ ಬೇಕಾ ಎಂದು.

ಕೋಣೆಯಲ್ಲಿ ಹೊಲಿಯಲು ಏನೂ ಇಲ್ಲ. ಲಿಂಗಕ್ಕ ಮಾತಾಡುತ್ತಿದ್ದಾಳೆ.

ಗಾದಿಲಿಂಗಮ್ಮನ ನಂಬರು ನನ್ನ ಫೋನಿನಲ್ಲಿದೆ. ನಾಗಜ್ಯೋತಿ ಹೇಗಿದ್ದಾಳೆ ಎಂದು ಒಂದು ಮಾತು ಕೇಳಬಹುದು. ನಾವಾಗಿ ಯಾರಿಗೂ ಫೋನ್ ಮಾಡುವುದಿಲ್ಲ ಎಂದು ಬರೆದವಳು ನಾನು. ಬೆರಳು ಎರಡು ಸಲ ಹೋಯಿತು. ಫೋನನ್ನು ಹತ್ತಿಯ ಮೂಟೆಯೊಳಗೆ ತುರುಕಿದೆ. ಆಮೇಲೆ ಇವರು ಕರೆ ಮಾಡಿ ಮೂಟೆ ಮಾತಾಡಿತು, ಲಿಂಗಕ್ಕ ಹೆದರಿದಳು.

ಮತ್ತೆ ಕಾರ್ಟ್ ಹಾಕಿಸು ಎಂದು ತಮ್ಮ ದಿನಕ್ಕೆರಡು ಸಲ. ದಿನಕ್ಕೆರಡು ಸಲ ಇಲ್ಲ ಎಂದು ನಾನು. ಈ ಕೋಣೆಯನ್ನು ಮುಚ್ಚಬೇಕಾದರೆ ಮುಚ್ಚುತ್ತೇನೆ. ಮಂಚದ ಮೇಲಿರುವವಳನ್ನು ಬೆದರಿಸಿ ದಿಂಬು ಮಾರುವುದಿಲ್ಲ.

ಆಗಸ್ಟ್ 13, ಬುಧವಾರ

ಮಧ್ಯಾಹ್ನ ಎರಡಕ್ಕೆ ಫೋನ್. ಕರ್ನೂಲಿನ ದವಾಖಾನೆಯಿಂದ, ಗದ್ದಲದ ನಡುವೆ.

"ಹೇಮಮ್ಮ, ನಾ ಗಾದಿಲಿಂಗಮ್ಮ. ಬರ್ಕೋ."

ಪೆನ್ನು ಸಿಗಲಿಲ್ಲ. ಹೇಳ್ರಿ ಅಂದೆ.

"ನಿನ್ನೆ ಮುಂಜಾನಿ. ಹೆಣ್ಣು."

ಎಂಟು ತಿಂಗಳು ತುಂಬಿಲ್ಲ. ಎಣಿಸಬಾರದೆಂದು ಎಣಿಸಿದ್ದೆ.

"ನಾಗಜ್ಯೋತಿ?"

"ಆರಾಮ ಅದಾಳ. ಗಂಜಿ ಕುಡದ್ಲು."

"ಕೂಸು ಹೆಂಗೈತಿ ಅವ್ವಾ?"

"ಕೂಸು ಐತಿ."

ಯಾರೋ ಟ್ರಾಲಿ ತಳ್ಳಿಕೊಂಡು ಹೋದ ಸದ್ದು. ಮತ್ತೆ: "ಒಂದು ಕಿಲೋ ಆರ್ನೂರು. ಗಾಜಿನ ಪೆಟ್ಟಿಗ್ಯಾಗ ಇಟ್ಟಾರ. ನಾಲ್ಕು ದಿನ ಏನೂ ಅನಂಗಿಲ್ಲಂತ ಡಾಕ್ಟರು. ಏನೂ ಅನಂಗಿಲ್ಲ ಅಂದ್ರ ಏನೂ ಆಗಿಲ್ಲ ಅಂತ್ಲೇ ಅಲ್ಲೇನು? ದಿಂಬು ಹೊಲಿ."

ಹೇಳಬೇಕಾದ್ದನ್ನು ಹೇಳಿದೆ. "ಅವ್ವಾ, ಪೆಟ್ಟಿಗಿಯೊಳಗ ದಿಂಬು ಇಡಾಕ ಬಿಡಲ್ಲ. ಇಡಲೂ ಬಾರದು. ಮನಿಗೆ ಕರಕೊಂಡ್ ಬಂದ ಮ್ಯಾಲ ಡಾಕ್ಟರನ್ನ ಕೇಳಿ…"

"ಗೊತ್ತೈತಿ. ನರ್ಸಮ್ಮ ಹೇಳ್ಯಾಳ. ಅವರು ಹೂಂ ಅನ್ನೋತನಕ ಟ್ರಂಕಿನಾಗ ಇಡ್ತೀನಿ. ಆದ್ರ ಹೊಲಿ. ಹುಟ್ಟಿದ ಮ್ಯಾಲ ಹೊಲೀತೀವಿ ಅಂತ ಫೋನ್‌ನಾಗ ಬರದೀಯಂತ, ಆಕಿ ಮಲಕೊಂಡು ಓದಿ ತೋರಿಸಿದ್ಲು ನನಗ. ಈಗ ಹುಟ್ಟ್ಯಾಳ. ಮುಂದ ಏನಾದೀತೋ ನೋಡಿ ಹೊಲಿಯೋಣ ಅಂತೀಯೇನು?"

"ಇಲ್ಲ."

"ಮತ್ತ?"

"ಇವತ್ತೇ ಹೊಲೀತೀನಿ. ತಲಿ ಎಷ್ಟೈತಿ?"

ಅದಕ್ಕೆ ಆಕೆ ಮೊದಲ ಸಲ ನಕ್ಕಳು. ಅಥವಾ ಅತ್ತಳು, ಗದ್ದಲದಲ್ಲಿ ತಿಳಿಯಲಿಲ್ಲ. "ಮೋಸಂಬಿಗಿಂತ ತುಸು ದೊಡ್ಡದು. ಕೂದಲ ಮಾತ್ರ ಬೇಕಾದಷ್ಟು."

ಫೋನ್ ಇಟ್ಟೆ. ಲಿಂಗಕ್ಕ ಆಗಲೇ ಕತ್ತರಿ ಹಿಡಿದಿದ್ದಳು. ನಮ್ಮಲ್ಲಿರುವ ಅತಿ ಸಣ್ಣ ಅಳತೆಯೂ ದೊಡ್ಡದು. ಪೇಪರ್ ಕತ್ತರಿಸಿ ನೋಡಿದೆವು, ಮತ್ತೆ ಕತ್ತರಿಸಿದೆವು. ತಮ್ಮ ಹಣ್ಣಿನ ಬಂಡಿಯಿಂದ ಒಂದು ಮೋಸಂಬಿ ತಂದು ಮೇಜಿನ ಮೇಲಿಟ್ಟು, ಸಾಸಿವೆಯ ಜರಡಿ ಹಿಡಿದು ಕೂತ. ಕಲ್ಲು ಆರಿಸಲು ಅವನಿಗೆ ಬರುವುದಿಲ್ಲ, ಸಾಸಿವೆಯನ್ನೂ ಆರಿಸಿ ಎಸೆಯುತ್ತಿದ್ದಾನೆ. ಇರಲಿ.

ಈ ಅಳತೆ ಬರೆದಿಡಬೇಕು. ಅವಸರದಲ್ಲಿ ಬಂದ ಕೂಸು ಇದೊಂದೇ ಅಲ್ಲ, ಇನ್ನು ಮೇಲೆ ಇದೂ ನಮ್ಮಲ್ಲಿರಲಿ. ಉದ್ದ ಐದು ಇಂಚು. ಅಗಲ ಮೂರೂವರೆ. ಒಳಚೀಲ ಎರಡು ಪದರ, ಹೊಲಿಗೆ ಹೊರಮುಖ. ಸಾಸಿವೆ ಎರಡು ಹಿಡಿ — ಲಿಂಗಕ್ಕ ಒಂದೂವರೆ ಸಾಕು ಅನ್ನುತ್ತಾಳೆ, ಯಾರ ಹಿಡಿ ಎಂದು ನಾನು, ಆಕೆಯ ಹಿಡಿ ದೊಡ್ಡದು, ತಾಳು, ತುಂಬಿ ತೂಗಿಯೇ ಬರೆಯುತ್ತೇನೆ